ಮೂಕಪ್ರಾಣಿಯ ನೆನಪು ಯಾರ ಬಳಿ ಇದೆ?

ಮನುಷ್ಯರ ವೈದ್ಯರಿಗೆ ಒಂದು ಅನುಕೂಲವಿದೆ. ಕಡತ ಕಳೆದುಹೋದರೂ ರೋಗಿ ಬಾಯಿಬಿಟ್ಟು ಹೇಳುತ್ತಾನೆ: ಸಕ್ಕರೆ ಕಾಯಿಲೆ ಇದೆ, ಪೆನಿಸಿಲಿನ್ ಆಗಿಬರುವುದಿಲ್ಲ, ಹೋದ ವರ್ಷ ಅಪೆಂಡಿಕ್ಸ್ ತೆಗೆಸಿದ್ದೇನೆ. ಪಶುವೈದ್ಯರ ಮೇಜಿನ ಮೇಲೆ ನಿಂತ ನಾಯಿ ಇದಾವುದನ್ನೂ ಹೇಳಲಾರದು. ಅದನ್ನು ಕರೆತಂದವರು ಕೆಲವೊಮ್ಮೆ ಮನೆಯ ಯಜಮಾನರು, ಕೆಲವೊಮ್ಮೆ ಡ್ರೈವರ್, ಕೆಲವೊಮ್ಮೆ ಪಕ್ಕದ ಫ್ಲ್ಯಾಟಿನವರು. ‘ಅದೇನೋ ಬಿಳಿ ಮಾತ್ರೆ ಕೊಡ್ತಾ ಇದ್ರು’ ಎನ್ನುವಷ್ಟೇ ಅವರಿಗೆ ಗೊತ್ತಿರುತ್ತದೆ. ಹಾಗಾಗಿ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕಂಪ್ಯೂಟರೆಂದರೆ ಬಿಲ್ಲು ಮಾಡುವ ಯಂತ್ರ ಮಾತ್ರವಲ್ಲ, ಅದು ಆ ಪ್ರಾಣಿಯ ನೆನಪು. ಅದನ್ನು ಕಾಯುವುದು ಚಿಕಿತ್ಸೆಯ ಒಂದು ಭಾಗ. ಈ ಮಾತನ್ನು ನಮ್ಮ ನಗರಗಳ ಬಹುಪಾಲು ಕ್ಲಿನಿಕ್‌ಗಳು ಇನ್ನೂ ಒಪ್ಪಿಕೊಂಡಂತೆ ಕಾಣುವುದಿಲ್ಲ.

ಆ ನೆನಪಿನಲ್ಲಿ ಏನೇನಿರುತ್ತದೆ? ಫಿಟ್ಸ್ ಬರುವ ನಾಯಿಗೆ ಫಿನೋಬಾರ್ಬಿಟಾಲ್ ಎಷ್ಟು ಕೊಡಬೇಕೆಂಬುದು ಒಂದೇ ದಿನದಲ್ಲಿ ಗೊತ್ತಾಗುವುದಲ್ಲ. ತಿಂಗಳುಗಟ್ಟಲೆ ರಕ್ತ ಪರೀಕ್ಷೆ ಮಾಡಿ ಹೊಂದಿಸಿದ ಅಳತೆ ಅದು. ಆ ಔಷಧಿಯನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮತ್ತೆ ಮುತ್ತಿಕೊಳ್ಳುತ್ತದೆ. ಕೋಲಿ ತಳಿಯ ಅನೇಕ ನಾಯಿಗಳಲ್ಲಿರುವ ಒಂದು ಜೀನ್ ದೋಷದಿಂದಾಗಿ, ಕಜ್ಜಿಗೆ ಬೇರೆ ನಾಯಿಗಳಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ಅವುಗಳ ಮೆದುಳಿಗೆ ವಿಷವಾಗುತ್ತದೆ. ಇಂಥವು ಕಡತದಲ್ಲಿ ಒಂದೊಂದು ಸಾಲಿನ ಟಿಪ್ಪಣಿಗಳು. ಆ ಸಾಲು ಅಳಿಸಿಹೋದರೆ ಮೇಜಿನ ಮೇಲಿರುವ ಪ್ರಾಣಿಯ ಜೀವಕ್ಕೇ ಕುತ್ತು. ಮೈಕ್ರೋಚಿಪ್ ಇದೆಯಲ್ಲ ಎನ್ನುವವರಿದ್ದಾರೆ. ಚಿಪ್ಪಿನೊಳಗೆ ಇರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಹಳ್ಳಿಯ ಹಸುವಿನ ಕಿವಿಯೋಲೆಯ 12 ಅಂಕಿಗಳ ಕತೆಯೂ ಅದೇ. ಕತೆ ಇರುವುದು ಬೇರೆಲ್ಲೋ ಒಂದು ಕಂಪ್ಯೂಟರಿನಲ್ಲಿ.

ವರ್ಗಾವಣೆಯ ನೌಕರಿಯಲ್ಲಿರುವವರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಬೆಂಗಳೂರಿನಲ್ಲಿ ಹುಟ್ಟಿದ ಬೆಕ್ಕು ಪುಣೆಯಲ್ಲಿ ಬೆಳೆದು ದೆಹಲಿಯಲ್ಲಿ ಮುಪ್ಪಾಗುತ್ತದೆ. ಜೊತೆಗೆ ಸಾಗುವ ಲಸಿಕೆಯ ಪುಸ್ತಕದಲ್ಲಿ ಲಸಿಕೆಯ ತಾರೀಕುಗಳಿರುತ್ತವೆ, ಕಾಯಿಲೆಯ ಚರಿತ್ರೆ ಇರುವುದಿಲ್ಲ.

ಇಷ್ಟು ಬೆಲೆಬಾಳುವ ವಸ್ತು ಹೇಗೆ ಇರುತ್ತದೆ ನೋಡಿ. ರಿಸೆಪ್ಷನ್ನಿನಲ್ಲಿ ಒಂದೇ ಕಂಪ್ಯೂಟರ್. ಡಾಕ್ಟರಿಂದ ಹಿಡಿದು ಮೊನ್ನೆ ಕೆಲಸ ಬಿಟ್ಟ ಹುಡುಗನವರೆಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಸಾಫ್ಟ್‌ವೇರ್ ಹಾಕಿಕೊಟ್ಟವನು ದೂರದಿಂದಲೇ ರಿಪೇರಿ ಮಾಡಲು ತೆರೆದ ದಾರಿ ಹಾಗೆಯೇ ತೆರೆದಿರುತ್ತದೆ. ಎಕ್ಸ್‌ರೇ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಕಂಪನಿಯೇ ಕೈಬಿಟ್ಟ ಹಳೆಯ ವಿಂಡೋಸ್. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಬ್ಯಾಕಪ್ ಎಲ್ಲಿದೆ ಎಂದರೆ ಒಂದು ಪೆನ್‌ಡ್ರೈವ್, ಅದು ಯಾವ ಡ್ರಾಯರಿನಲ್ಲಿದೆ ಎಂದರೆ ಮೌನ.

‘ನಾಯಿ ಆಸ್ಪತ್ರೆಗೆ ಯಾರಪ್ಪ ಕನ್ನ ಹಾಕ್ತಾರೆ?’ ಎಂಬುದು ಸಾಮಾನ್ಯ ಉತ್ತರ. ಈ ಕಳ್ಳರು ಬಹುಮಟ್ಟಿಗೆ ಮನೆ ನೋಡಿ ಬರುವವರಲ್ಲ. ಬೀದಿಯ ಎಲ್ಲ ಬಾಗಿಲುಗಳನ್ನೂ ತಳ್ಳಿನೋಡಿ, ತೆರೆದುಕೊಂಡದ್ದರೊಳಗೆ ನುಗ್ಗುವವರು. ಅಕ್ಟೋಬರ್ 2019ರಲ್ಲಿ ಅಮೆರಿಕದ ನ್ಯಾಷನಲ್ ವೆಟರಿನರಿ ಅಸೋಸಿಯೇಟ್ಸ್ ಎಂಬ ಸಂಸ್ಥೆಯ ಸುಮಾರು 700 ಆಸ್ಪತ್ರೆಗಳ ಪೈಕಿ 400ರಷ್ಟಕ್ಕೆ ರ‍್ಯಾನ್ಸಮ್‌ವೇರ್ ತಗುಲಿತು. ಕಡತಗಳಿಗೆ ಬೀಗ ಜಡಿದು ಬೀಗದ ಕೈಗೆ ಹಣ ಕೇಳುವ ತಂತ್ರ ಅದು. ಏಪ್ರಿಲ್ 2024ರಲ್ಲಿ ಬ್ರಿಟನ್ನಿನ ದೊಡ್ಡ ಪಶುವೈದ್ಯ ಸಂಸ್ಥೆಗಳಲ್ಲೊಂದಾದ ಸಿವಿಎಸ್ ಗ್ರೂಪ್ ದಾಳಿಗೊಳಗಾಗಿ, ಹಾನಿ ಹರಡದಂತೆ ತನ್ನ ವ್ಯವಸ್ಥೆಗಳನ್ನು ತಾನೇ ಆರಿಸಿಡಬೇಕಾಯಿತು. ನಮ್ಮಲ್ಲೇ, 23 ನವೆಂಬರ್ 2022ರಂದು ದೆಹಲಿಯ ಏಮ್ಸ್ ಸರ್ವರ್‌ಗಳು ಬಿದ್ದಾಗ ಸುಮಾರು ಎರಡು ವಾರ ಚೀಟಿ ಬರೆದು ಕೆಲಸ ನಡೆಯಿತು. ಏಮ್ಸ್‌ಗೆ ಕೈಯಿಂದ ಬರೆಯಲು ನೂರಾರು ಜನರಿದ್ದರು. ಮೂವರಿರುವ ಕ್ಲಿನಿಕ್ಕಿಗೆ ಯಾರಿದ್ದಾರೆ?

ಬೀಗ ಜಡಿಯುವುದೊಂದೇ ಅಪಾಯವೂ ಅಲ್ಲ. ನಾಯಿಯನ್ನು ಬಿಟ್ಟುಹೋಗುವ ಬೋರ್ಡಿಂಗ್ ಸೌಕರ್ಯವಿರುವಲ್ಲಿ, ಯಾವ ವಿಳಾಸದ ಮನೆಗೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬೀಗ ಬಿದ್ದಿರುತ್ತದೆ, ಆ ಮನೆಯ ನಾಯಿಯೂ ಅಲ್ಲಿಲ್ಲ ಎಂಬ ಪಟ್ಟಿಯೇ ಸಿದ್ಧವಿರುತ್ತದೆ. ಕ್ಲಿನಿಕ್ಕಿನ ವಾಟ್ಸ್‌ಆ್ಯಪ್ ಪರರ ಕೈಸೇರಿದರೆ, ‘ಆಪರೇಷನ್ ಶುರು ಮಾಡಬೇಕು, ಅಡ್ವಾನ್ಸ್ ಕಳಿಸಿ’ ಎಂಬ ಸಂದೇಶ ಗಾಬರಿಯಲ್ಲಿರುವವರ ಮೊಬೈಲಿಗೆ ಬರಬಹುದು. ಆ ಗಳಿಗೆಯಲ್ಲಿ ಯಾರೂ ನಂಬರ್ ಪರೀಕ್ಷಿಸುತ್ತ ಕೂರುವುದಿಲ್ಲ.

ಇನ್ನು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು ನವೆಂಬರ್ 2025ರಲ್ಲಿ ಹೊರಬಂದಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ನಾಯಿಯ ಜ್ವರ ವೈಯಕ್ತಿಕ ಮಾಹಿತಿಯಲ್ಲದಿರಬಹುದು, ಆದರೆ ನಾಯಿ ಸಾಕಿದವರ ಹೆಸರು, ಫೋನು, ವಿಳಾಸ ಖಂಡಿತ ಹೌದು. ತಕ್ಕ ಭದ್ರತೆ ಇಡದವರಿಗೆ ಕಾಯ್ದೆ ಹೇಳುವ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ಕ್ಲಿನಿಕ್ಕಿಗೆ ಅಷ್ಟು ಬೀಳಲಾರದು ನಿಜ. ಆದರೆ ‘ನಾವು ಚಿಕ್ಕವರು’ ಎಂಬ ಮಾತು ಉತ್ತರವಾಗುವ ಕಾಲ ಮುಗಿಯುತ್ತ ಬಂದಿದೆ.

ದುಡ್ಡೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಾಡಿಗೆ, ಲಸಿಕೆಯ ಫ್ರಿಜ್ಜು, ಸಿಬ್ಬಂದಿಯ ಸಂಬಳ ಕಳೆದು ಉಳಿಯುವುದು ಕಡಿಮೆ. ಆದರೆ ಇಲ್ಲಿ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಶಿಸ್ತು, ಮತ್ತು ಶಿಸ್ತು ಪಶುವೈದ್ಯರಿಗೆ ಹೊಸದಲ್ಲ. ಪಾರ್ವೋ ತಗುಲಿದ ಮರಿಯನ್ನು ಬೇರೆ ಕೋಣೆಯಲ್ಲಿಡುತ್ತಾರೆ. ಹಳೆಯ ಎಕ್ಸ್‌ರೇ ಕಂಪ್ಯೂಟರನ್ನೂ ಹಾಗೆಯೇ ಇಂಟರ್ನೆಟ್ಟಿನಿಂದ ಬೇರೆ ಇಡಬಹುದು. ಬಂದವರಿಗೆ ಕೊಡುವ ವೈಫೈ ಬೇರೆ, ಕ್ಲಿನಿಕ್ಕಿನದು ಬೇರೆ. ಒಬ್ಬೊಬ್ಬರಿಗೂ ಅವರದೇ ಲಾಗಿನ್, ಕೆಲಸ ಬಿಟ್ಟ ದಿನವೇ ಅದು ರದ್ದು. ವಾಟ್ಸ್‌ಆ್ಯಪ್ಪಿಗೂ ಇಮೇಲಿಗೂ ಎರಡು ಹಂತದ ಪರಿಶೀಲನೆ. ಎರಡು ಹಾರ್ಡ್‌ಡಿಸ್ಕ್ ಕೊಂಡು ಸರದಿಯ ಮೇಲೆ ಬ್ಯಾಕಪ್ ತೆಗೆದು, ಒಂದನ್ನು ಡಾಕ್ಟರ ಮನೆಯಲ್ಲಿಡುವುದು. ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇರುವ ಡಿಸ್ಕಿಗೂ ಬೀಗ ಬೀಳುತ್ತದೆ, ಅದು ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ಒಂದು ಹಳೆಯ ಕಡತವನ್ನು ಅದರಿಂದ ತೆರೆದು ನೋಡದಿದ್ದರೂ ಅದು ಬ್ಯಾಕಪ್ ಅಲ್ಲ.

ಕಾಗದವನ್ನು ಪೂರ್ತಿ ಓಡಿಸುವ ಉತ್ಸಾಹವೂ ಬೇಡ. ದೀರ್ಘ ಕಾಯಿಲೆಯ ಪ್ರಾಣಿಗಳ ತೂಕ, ಔಷಧಿಯ ಅಳತೆ, ಆಗಿಬರದ ಮದ್ದುಗಳನ್ನು ತಲಾ ಒಂದು ಹಾಳೆಯಲ್ಲಿ ಮುದ್ರಿಸಿ ಫೈಲಿಗೆ ಹಾಕಿದರೆ, ಪರದೆ ಕಪ್ಪಾದ ದಿನವೂ ಕೆಲಸ ನಿಲ್ಲದು. ಆರು ತಿಂಗಳಿಗೊಮ್ಮೆ ಅರ್ಧ ದಿನ ಕಂಪ್ಯೂಟರ್ ಆರಿಸಿ ಕೆಲಸ ಮಾಡಿನೋಡಬೇಕು. ಏನು ಸಿಗುವುದಿಲ್ಲ ಎಂಬುದು ಆಗ ತಿಳಿಯುತ್ತದೆ.

ಸಾಫ್ಟ್‌ವೇರ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಮಾಹಿತಿಯನ್ನೆಲ್ಲ ನಾವು ಬೇಕೆಂದಾಗ ಹೊರತೆಗೆದುಕೊಳ್ಳಬಹುದೇ? ಇಲ್ಲ ಎಂದವರ ಹತ್ತಿರ ಕೊಳ್ಳಬಾರದು. 1984ರ ಕಾಯ್ದೆಯಡಿ ರೂಪುಗೊಂಡ ಭಾರತೀಯ ಪಶುವೈದ್ಯ ಪರಿಷತ್ತು ಮತ್ತು ರಾಜ್ಯಗಳ ಪರಿಷತ್ತುಗಳು, ಕ್ಲಿನಿಕ್‌ಗಳಿಗೆ ಕನಿಷ್ಠ ಭದ್ರತೆಯ ಒಂದು ಪುಟದ ಪಟ್ಟಿಯನ್ನು ಆಯಾ ಭಾಷೆಯಲ್ಲೇ ಕೊಡಬೇಕು. ದಾಳಿಯಾದರೆ ಆರು ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು ಏಪ್ರಿಲ್ 2022ರ ನಿರ್ದೇಶನ ಹೇಳುತ್ತದೆ, ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಈ ಎರಡು ಸಂಗತಿಗಳಾದರೂ ರಿಸೆಪ್ಷನ್ನಿನ ಗೋಡೆಯ ಮೇಲಿರಲಿ.

ಸಾಕಿದವರ ಪಾಲೂ ಇದೆ. ಪ್ರತಿ ಭೇಟಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು, ಊರು ಬಿಡುವ ಮುಂಚೆ ಪೂರ್ತಿ ಕಡತದ ಪ್ರತಿ ಕೇಳುವುದು ಹಠವಲ್ಲ, ಹಕ್ಕಿನ ಮಾತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಕೊಳ್ಳೆ ಹೋಗುವುದು ತನ್ನ ನೋವನ್ನೂ ದೂರನ್ನೂ ಹೇಳಲಾರದ ಜೀವದ ಚರಿತ್ರೆ. ಅದರ ಪರವಾಗಿ ಬಾಗಿಲು ಹಾಕಬೇಕಾದವರು ಬಾಯಿ ಇರುವವರೇ.