ಅಂಕ ಹೇಳದ್ದನ್ನು ವೇಷ ಹೇಳಿತು

ಅಮೆರಿಕದ ಕೇಬಲ್ ಟಿವಿಯಲ್ಲಿ ‘ಎಕ್ಸ್-ಪ್ಲೇ’ ಎಂಬ ವಿಡಿಯೊ ಗೇಮ್ ವಿಮರ್ಶೆಯ ಕಾರ್ಯಕ್ರಮವಿತ್ತು. 1998ರಲ್ಲಿ ‘ಗೇಮ್‌ಸ್ಪಾಟ್ ಟಿವಿ’ಯಾಗಿ ಶುರುವಾಗಿ, 2003ರಲ್ಲಿ ಈ ಹೆಸರು ಪಡೆದು, 2013ರ ಜನವರಿವರೆಗೆ ನಡೆಯಿತು. ನಿರೂಪಕರಾದ ಆ್ಯಡಮ್ ಸೆಸ್ಲರ್ ಮತ್ತು ಮಾರ್ಗನ್ ವೆಬ್ ಹೊಸ ಗೇಮ್‌ಗಳ ಗುಣದೋಷ ಹೇಳಿ ಐದಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ನಡುನಡುವೆ ಕೆಲವು ವೇಷಗಳು ನುಗ್ಗುತ್ತಿದ್ದವು. ನಿಂಟೆಂಡೊದ ‘ಜೆಲ್ಡಾ’ ಗೇಮ್‌ಗಳ ನಾಯಕ ಲಿಂಕ್ ಇಲ್ಲಿ ‘ಡ್ರಂಕ್ ಲಿಂಕ್’ ಆಗಿ ಕುಡಿದು ತೂರಾಡುತ್ತಿದ್ದ. ಇನ್ನೊಬ್ಬ, ಜಾಹೀರಾತಿನ ದನಿಯಲ್ಲಿ ಎಲ್ಲದಕ್ಕೂ ಅಬ್ಬರಿಸುವ ‘ಜಾನಿ ಎಕ್ಸ್‌ಟ್ರೀಮ್’. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಈ ಕೋಡಂಗಿಗಳಿಗೇಕೆ ಜಾಗ, ಅಷ್ಟರಲ್ಲಿ ಇನ್ನೊಂದು ಗೇಮ್ ವಿಮರ್ಶೆ ಮಾಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ಆ ಕಾರ್ಯಕ್ರಮದ ವಿಮರ್ಶೆಯ ಒಂದು ಮುಖ್ಯ ಪಾಲು ನಡೆದದ್ದೇ ಈ ವೇಷಗಳ ಬಾಯಲ್ಲಿ.

ಬಿಡಿ ವಿಮರ್ಶೆಗೆ ಅದರದೇ ಮಿತಿಯಿದೆ. ಅದು ಒಂದು ಗೇಮ್‌ನ ಬಗ್ಗೆ ಮಾತಾಡಿ ಅಂಕ ಬರೆದು ಮುಗಿಸಬೇಕು. ಆದರೆ ಗೇಮ್ ಉದ್ಯಮದ ದೋಷಗಳು ಒಂದೇ ಗೇಮ್‌ಗೆ ಸೇರಿದವಲ್ಲ. ಹಳೆಯ ನಾಯಕನನ್ನೇ ಮತ್ತೆ ಮತ್ತೆ ಎಬ್ಬಿಸಿ ಕುಣಿಸುವುದು, ಸರಕು ತೆಳ್ಳಗಾದಷ್ಟೂ ಜಾಹೀರಾತಿನ ದನಿ ಏರಿಸುವುದು, ಹದಿಹರೆಯದ ಹುಡುಗನೊಬ್ಬನೇ ಗ್ರಾಹಕ ಎಂದು ನಂಬಿಕೊಂಡಿರುವುದು ಇವೆಲ್ಲ ವರ್ಷದಿಂದ ವರ್ಷಕ್ಕೆ ಬರುವ ಚಾಳಿಗಳು. ಮರುಕಳಿಸುವ ಚಾಳಿಯನ್ನು ಹಿಡಿಯಲು ಮರುಕಳಿಸುವ ಪಾತ್ರವೇ ಬೇಕು. ಲಿಂಕ್‌ನನ್ನೇ ನೋಡಿ. 1986ರಿಂದ ರಾಜಕುಮಾರಿಯನ್ನೂ ರಾಜ್ಯವನ್ನೂ ಕಾಪಾಡುತ್ತಲೇ ಇದ್ದಾನೆ, ಗೇಮ್‌ಗಳಲ್ಲಿ ಹೆಚ್ಚುಕಡಿಮೆ ಮೂಕ. ಆಟಗಾರ ಅವನಲ್ಲಿ ತನ್ನನ್ನೇ ಕಾಣಲಿ ಎಂಬುದು ಆ ಮೌನದ ಉದ್ದೇಶ. ಇದೇ ಕೆಲಸವನ್ನು ಹತ್ತು ಸಲ ಮಾಡಿದವನಿಗೆ ಮಾತು ಬಂದರೆ ಏನು ಹೇಳಿಯಾನು? ಅವನಿಗೆ ಬಾಯಿ ಕೊಟ್ಟು, ಕೈಗೆ ಬಾಟಲಿಯನ್ನೂ ಕೊಟ್ಟರೆ ಅದು ಒಂದು ಗೇಮ್‌ನ ಮೇಲಲ್ಲ, ಇಡೀ ಸರಣಿಯ ಮೇಲಿನ ಟೀಕೆಯಾಗುತ್ತದೆ. ಐದಕ್ಕೆ ನಾಲ್ಕು ಅಂಕ ಪಡೆದ ‘ಜೆಲ್ಡಾ’ದ ಬಗ್ಗೆಯೂ ಆ ಟೀಕೆ ನಿಲ್ಲುತ್ತದೆ. ಅಂಕಕ್ಕೆ ಈ ತಾಕತ್ತಿಲ್ಲ.

ಇನ್ನೊಂದು ಕಾರಣ ದುಡ್ಡಿನದು. ಗೇಮ್ ಪತ್ರಿಕೋದ್ಯಮ ಬಹುಪಾಲು ಬದುಕುವುದು ತಾನು ವಿಮರ್ಶಿಸುವ ಕಂಪನಿಗಳ ಜಾಹೀರಾತಿನಿಂದಲೇ. 2007ರಲ್ಲಿ ಗೇಮ್‌ಸ್ಪಾಟ್ ಜಾಲತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್ ‘ಕೇನ್ ಆ್ಯಂಡ್ ಲಿಂಚ್’ ಗೇಮ್‌ಗೆ ಹತ್ತಕ್ಕೆ ಆರು ಕೊಟ್ಟರು. ಅದೇ ಗೇಮ್‌ನ ಜಾಹೀರಾತು ಆ ತಾಣದ ತುಂಬ ಇತ್ತು. ಅವರ ಕೆಲಸ ಹೋಯಿತು. ಕಾರಣ ಜಾಹೀರಾತುದಾರರ ಒತ್ತಡವೇ ಎಂದು ಅವರು ಬಾಯಿಬಿಟ್ಟದ್ದು 2012ರಲ್ಲಿ. ಅದೇ ವರ್ಷ ಸ್ಕಾಟ್ಲೆಂಡಿನ ರಾಬರ್ಟ್ ಫ್ಲಾರೆನ್ಸ್ ಅವರಿಗೂ ಬಿಸಿ ತಟ್ಟಿತು. ಫ್ಲಾರೆನ್ಸ್ ಮೂಲತಃ ಹಾಸ್ಯಗಾರ. ರಯಾನ್ ಮೆಕ್ಲೌಡ್ ಜೊತೆ ಬಿಬಿಸಿ ಸ್ಕಾಟ್ಲೆಂಡಿಗಾಗಿ ‘ವಿಡಿಯೊಗೈಡೆನ್’ ನಡೆಸಿದವರು. ಅದೂ ವಿಮರ್ಶೆ ಮತ್ತು ಪ್ರಹಸನಗಳ ಬೆರಕೆಯೇ. ನಿರೂಪಕ ಜೆಫ್ ಕೀಲಿ ಒಂದು ಸಂದರ್ಶನದಲ್ಲಿ ಡೊರಿಟೋಸ್ ಪೊಟ್ಟಣ ಮತ್ತು ಮೌಂಟನ್ ಡ್ಯೂ ಬಾಟಲಿಗಳ ಪಕ್ಕ ಕೂತ ಚಿತ್ರ ಹಿಡಿದು, ಗೇಮ್ ಪತ್ರಕರ್ತರಿಗೂ ಪ್ರಚಾರ ವಿಭಾಗದವರಿಗೂ ಇರುವ ಸಲುಗೆಯ ಬಗ್ಗೆ ಫ್ಲಾರೆನ್ಸ್ ‘ಯುರೋಗೇಮರ್’ನಲ್ಲಿ ನೇರವಾಗಿ ಬರೆದರು. ಆಕ್ಷೇಪ ಬಂತು, ಲೇಖನದ ಕೆಲವು ಭಾಗ ತೆಗೆಯಲಾಯಿತು, ಅವರು ಅಂಕಣವನ್ನೇ ಬಿಟ್ಟರು. ಪ್ರಚಾರದ ಅಬ್ಬರವನ್ನು ಜಾನಿ ಎಕ್ಸ್‌ಟ್ರೀಮ್ ಅದಕ್ಕೂ ಎಷ್ಟೋ ಮೊದಲೇ ಗೇಲಿ ಮಾಡಿದ್ದ. ವೇಷ ಆಡಿದ ಮಾತಿನಲ್ಲಿ ಕತ್ತರಿಸಲು ಇಂಥದೇ ಸಾಲು ಎಂದು ಸಿಗುವುದಿಲ್ಲ. ಯಕ್ಷಗಾನದ ಹಾಸ್ಯಗಾರ ದೊರೆಯ ಎದುರೇ ದೊರೆಯ ದಡ್ಡತನ ಆಡಿ ತೋರಿಸಿ ದಕ್ಕಿಸಿಕೊಳ್ಳುವುದೂ ಹೀಗೆಯೇ.

ಹಾಸ್ಯಗಾರನೂ ದೊರೆಯ ಅನ್ನವನ್ನೇ ಉಣ್ಣುತ್ತಾನಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ‘ಎಕ್ಸ್-ಪ್ಲೇ’ ಬರುತ್ತಿದ್ದ ಜಿ4 ವಾಹಿನಿ, ಕಂಪನಿಗಳು ಹೊಸ ಗೇಮ್ ಮೆರೆಸುತ್ತಿದ್ದ ಇ3 ಮೇಳವನ್ನು ನೇರ ಪ್ರಸಾರ ಮಾಡುತ್ತಿತ್ತು. ನಗಿಸಿ ಸಿಟ್ಟು ಇಳಿಸಿದರೆ ವ್ಯಾಪಾರ ಮೊದಲಿನಂತೆ ಸಾಗುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೂ ಪ್ರಚಾರದ ದನಿಯ ಅಣಕವನ್ನು ಹತ್ತು ಸಲ ಕೇಳಿದ ಹುಡುಗನಿಗೆ ಹನ್ನೊಂದನೆಯ ಸಲ ಅಸಲಿ ಪ್ರಚಾರ ಕೇಳಿದಾಗಲೂ ನಗು ಬರಬಹುದು. ಅಷ್ಟು ಎಚ್ಚರ ಹುಟ್ಟಿದರೂ ಸಣ್ಣದೇನಲ್ಲ. ಇನ್ನು, ಕುಡುಕನ ವೇಷ ಸುಲಭದ ಹಾಸ್ಯ, ಹಳಸುತ್ತದೆ ಎಂಬ ದೂರು. ಒಪ್ಪೋಣ. ಬೈಯಬೇಕಾದ ಚಾಳಿ ಎದುರಿಗಿಲ್ಲದೆ ಕೇವಲ ಗುರುತಿನ ನಗುವಿಗಾಗಿ ಪಾತ್ರ ಬಂದ ದಿನ ಅದು ಬರೀ ಹೊತ್ತುಗಳೆಯುವಿಕೆ. ಆದರೆ ಅದು ಬರೆಯುವವರ ಸೋಮಾರಿತನ. ವಿಮರ್ಶೆಯಲ್ಲೂ ಸವಕಲು ವಾಕ್ಯಗಳಿಗೇನು ಬರವಿಲ್ಲ.

ಮರೆಯಬಾರದ ಸಂಗತಿ ಇನ್ನೊಂದಿದೆ. ವೇಷದವನು ಆಚೆ ಹೋದ ಮೇಲೆ ಸೆಸ್ಲರ್ ಮತ್ತು ವೆಬ್ ತಮ್ಮ ದನಿಗೆ ಮರಳಿ ಗೇಮ್‌ನ ಕ್ಯಾಮೆರಾ, ಕಂಟ್ರೋಲ್, ಕಥೆಯ ಬಗ್ಗೆ ನೆಟ್ಟಗೆ ಮಾತಾಡುತ್ತಿದ್ದರು. ವೀಕ್ಷಕನಿಗೆ ಎರಡೂ ಬೇರೆಬೇರೆಯಾಗಿ ಸಿಗುತ್ತಿದ್ದವು. ಯೂಟ್ಯೂಬ್ ಕಾಲದಲ್ಲಿ ಈ ಗೆರೆ ಅಳಿಸಿತು. ಜೇಮ್ಸ್ ರೋಲ್ಫ್ ಅವರ ‘ಆ್ಯಂಗ್ರಿ ವಿಡಿಯೊ ಗೇಮ್ ನೆರ್ಡ್’ನಲ್ಲಿ ವಿಮರ್ಶಕನೇ ಸಿಡುಕನ ವೇಷ ತೊಟ್ಟ. ಹಳೆಯ, ಕೆಟ್ಟ ಗೇಮ್‌ಗಳ ಮೇಲೆ ಆ ಸಿಟ್ಟು ಸೊಗಸಾಗಿ ಒಪ್ಪಿತು. ಅದನ್ನು ನೋಡಿ ಕಲಿತ ಅನೇಕರಿಗೆ ಮಾತ್ರ ಹೊಸ ಗೇಮ್ ಚೆನ್ನಾಗಿದ್ದರೂ ಕಿರುಚಲೇಬೇಕು, ಏಕೆಂದರೆ ಜನ ನೋಡಲು ಬರುವುದೇ ಕಿರುಚಾಟವನ್ನು. ಈಗ ಪ್ರಾಯೋಜಕರ ಜಾಹೀರಾತನ್ನೂ ವಿಡಿಯೊದ ನಡುವೆ ಅದೇ ದನಿಯಲ್ಲಿ ಓದುತ್ತಾರೆ. ಜಾನಿಯದು ಅಣಕವಾಗಿತ್ತು, ಇವರದು ಕರಾರಿನ ಪ್ರಕಾರ.