ಹೊಸ ಸ್ಕ್ಯಾನ್ ಅಲ್ಲ, ತಪ್ಪದ ಮಾತ್ರೆ: ತುರುವೇಕೆರೆಯ ಪಾಠ

ಮೆದುಳಿನ ಬಗ್ಗೆ ವಾರಕ್ಕೊಂದು ಸಂಶೋಧನೆಯ ಸುದ್ದಿ ಬರುತ್ತೆ. ಸ್ಕ್ಯಾನ್, ಜೀನ್, ಈಗ ಕೃತಕ ಬುದ್ಧಿಮತ್ತೆ. ಓದೋಕೆ ಚೆನ್ನಾಗಿರುತ್ತೆ. ಆದರೆ ನಮ್ಮ ತಿಪಟೂರು ಸೀಮೆಗೆ ನಿಜಕ್ಕೂ ಬೇಕಾದ ಸಂಶೋಧನೆ ಪಕ್ಕದ ತುರುವೇಕೆರೆಯಲ್ಲೇ ನಡೆದಿದೆ. ಅದರ ಬಗ್ಗೆ ಮಾತಾಡಿದವರು ಕಡಿಮೆ.

ನಿಮ್ಹಾನ್ಸ್ ತಂಡ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿತು. ಮಾತ್ರೆ ಕೊಟ್ಟು, ಮನೆಯವರಿಗೆ ಕಾಯಿಲೆ ಬಗ್ಗೆ ತಿಳಿಹೇಳಿ, ವರ್ಷಗಟ್ಟಲೆ ಬಿಡದೆ ವಿಚಾರಿಸಿಕೊಂಡಿತು. 2009ರಲ್ಲಿ ಪ್ರಕಟವಾದ ತೀರ್ಥಹಳ್ಳಿಯ ಅಧ್ಯಯನ, ಚಿಕಿತ್ಸೆಯಲ್ಲಿದ್ದವರಿಗೆ ಇಲ್ಲದವರಿಗಿಂತ ವೈಕಲ್ಯ ಕಡಿಮೆ ಎಂದಿತು. 2017ರಲ್ಲಿ ಬಂದ ದೀರ್ಘಾವಧಿಯ ಅಧ್ಯಯನವೂ ಅದನ್ನೇ ಗಟ್ಟಿಮಾಡಿತು.

ಇಲ್ಲಿ ವೈಕಲ್ಯ ಅಂದ್ರೆ ಕೈಕಾಲಿನದ್ದಲ್ಲ. ಸ್ನಾನ ಮಾಡ್ತಾರಾ, ನಾಲ್ಕು ಜನರ ಜತೆ ಬೆರೀತಾರಾ, ಕೆಲಸಕ್ಕೆ ಹೋಗ್ತಾರಾ ಅನ್ನೋದು. ತೋಟದಲ್ಲಿ ಕಾಯಿ ಆರಿಸಿ ಕೂಲಿ ತರುವುದಕ್ಕೂ ಮನೆಯ ಮೂಲೆಯಲ್ಲಿ ಕೂರುವುದಕ್ಕೂ ಇರುವ ಅಂತರ ಅದು. ಎಲ್ಲರಿಗೂ ಪೂರ್ತಿ ವಾಸಿಯಾಗುತ್ತೆ ಅಂತ ಯಾರೂ ಹೇಳಿಲ್ಲ. ಬದುಕು ನಡೆಯುವಷ್ಟು ಸುಧಾರಿಸಬಹುದು ಅಷ್ಟೆ. ಅದೇನು ಕಡಿಮೆಯೇ?

ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಶೇ. 70ಕ್ಕೂ ಹೆಚ್ಚು ಜನ ಚಿಕಿತ್ಸೆಯ ಹೊರಗಿದ್ದಾರೆ. ಗಾಳಿ ಸೋಕಿದೆ ಅನ್ನೋ ನಂಬಿಕೆ ಒಂದು ಕಾರಣ. ಅದನ್ನೇ ದೂರುತ್ತಾ ಕೂತರೆ ಸರ್ಕಾರ ಸಲೀಸಾಗಿ ಪಾರಾಗುತ್ತೆ. ಮಗನನ್ನು ಆಸ್ಪತ್ರೆಗೆ ಕರೆತರಲು ತಾಯಿ ಒಂದು ದಿನದ ಕೂಲಿ ಬಿಡಬೇಕು, ಬಸ್ ಚಾರ್ಜು ಹೊಂದಿಸಬೇಕು. ಅಷ್ಟು ಮಾಡಿ ಬಂದಾಗ 'ಮಾತ್ರೆ ಖಾಲಿ, ಮುಂದಿನ ವಾರ ಬನ್ನಿ' ಅಂದರೆ ಆಕೆ ಮತ್ತೆ ಬರುವುದು ಕಷ್ಟ.

ಹೊಸ ಯೋಜನೆ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲಿ ಅಂತಲೇ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಬಂತು. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಈಗ ಬೇಕಿರುವುದು ಮೂರು: ವರ್ಷಪೂರ್ತಿ ಮಾತ್ರೆಯ ದಾಸ್ತಾನು, ತಪ್ಪದ ಮಂಗಳವಾರ, ಬಾರದವರ ಮನೆಗೆ ಹೋಗಿ ಕೇಳುವ ಒಬ್ಬರು.

ನಮಗೂ ಒಂದು ಮಾತು. ಕೊಬ್ಬರಿಯಾಗಲಿ ಅಂತ ಅಟ್ಟಕ್ಕೆ ಹಾಕಿದ ಕಾಯಿಗೆ ತಿಂಗಳುಗಟ್ಟಲೆ ಕಾಯುವ ಜನ ನಾವು. ಎರಡು ತಿಂಗಳಿಗೆ 'ಹುಷಾರಾದ' ಅಂತ ಮಾತ್ರೆ ನಿಲ್ಲಿಸೋದು ಬೇಡ. ವೈದ್ಯರು ಹೇಳುವ ತನಕ ಮುಂದುವರಿಸೋಣ.