ಬಿಟ್ಟಿ ಯಾರದ್ದು?

ಕೂಲಿ ಹೆಂಗಸು ಕಾಸು ಕೊಡದೆ ಸರ್ಕಾರಿ ಬಸ್ಸು ಹತ್ತಿದರೆ ಅದಕ್ಕೆ ‘ಬಿಟ್ಟಿ’ ಅಂತ ಹೆಸರು. ಸರ್ಕಾರದ ದುಡ್ಡಲ್ಲಿ ಸಾಹುಕಾರ ಅಗ್ಗಕ್ಕೆ ವಿಮಾನ ಹತ್ತಿದರೆ ಅದು ‘ಅಭಿವೃದ್ಧಿ’!

ಲೆಕ್ಕ ನೋಡೋಣ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯ್ತು. ಹಣ ಸರ್ಕಾರದ್ದು. ನಿಲ್ದಾಣ ಕಟ್ಟಿದರೆ ಸಾಲದು, ವಿಮಾನವನ್ನೂ ಕರೆತರಬೇಕು. ಅದಕ್ಕೆ ಉಡಾನ್ ಯೋಜನೆ. ಕಂಪನಿ ಸುಮಾರು ಅರ್ಧ ಸೀಟುಗಳನ್ನು ಗೊತ್ತುಮಾಡಿದ ದರಕ್ಕೆ ಮಾರಬೇಕು. ಬೀಳುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. 2017ರಲ್ಲಿ ವಿಮಾನ ಹಾರಲು ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿ. ತುಂಬಿಕೊಡುವ ಹಣದಲ್ಲಿ ಐದನೇ ಒಂದು ಪಾಲು ನಮ್ಮಂಥ ರಾಜ್ಯಗಳದ್ದು.

ಆ ಸೀಟಿನಲ್ಲಿ ಕೂರುವವನಿಗೆ ಯಾರೂ ಆದಾಯ ಪ್ರಮಾಣಪತ್ರ ಕೇಳೋದಿಲ್ಲ. ನಮ್ಮ ಹುಡುಗರು ಮಾತ್ರ ಪುಡಿಗಾಸಿನ ವಿದ್ಯಾರ್ಥಿವೇತನಕ್ಕೆ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕು.

ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರು ಬಸ್ಸು ಹತ್ತಿದ್ದೇ ತಡ, ಖಜಾನೆ ಬರಿದಾಯ್ತು ಅಂತ ಎದೆ ಬಡಕೊಂಡರಲ್ಲ, ಅವರು ವಿಮಾನದ ನಷ್ಟದ ಲೆಕ್ಕ ಕೇಳಿದ್ದುಂಟಾ?

ವಿಮಾನ ಬೇಡ ಅಂತ ನಾವು ಹೇಳ್ತಿಲ್ಲ. ಆಕಾಶದ ನಷ್ಟ ತುಂಬುವ ಕೈಗೆ ನೆಲದ ನಷ್ಟ ಯಾಕೆ ಭಾರ? ಕೇರಿಯ ದಾರಿಯ ಬಸ್ಸು ‘ನಷ್ಟ’ ಅಂತ ನಿಂತರೆ ನಿಂತೇ ಹೋಗುತ್ತದೆ. ಹುಡುಗಿಯ ಓದೂ ಅಲ್ಲಿಗೇ ನಿಲ್ಲುತ್ತದೆ.

ರನ್‌ವೇಗೆ ಅನುದಾನ ಬೇಡುವ ಪ್ರತಿ ಅರ್ಜಿಯ ಜೊತೆ ಆ ಜಿಲ್ಲೆಯ ಬಸ್ಸಿಲ್ಲದ ಹಳ್ಳಿಗಳ ಪಟ್ಟಿಯೂ ಹೋಗಲಿ. ಮೇಷ್ಟ್ರೇ, ವಿದ್ಯಾರ್ಥಿಗಳೇ, ಆ ಪಟ್ಟಿಯನ್ನು ಅವರು ಬರೆಯೋದಿಲ್ಲ. ನಾವೇ ಬರೆಯೋಣ, ನಮ್ಮ ನಮ್ಮ ಕೇರಿಯಿಂದಲೇ ಶುರು ಮಾಡೋಣ.